ಅತ್ತೆ ಓದಿದ ಟಿಪ್‌ಗಳು

ಜೂನ್ ೮, ಭಾನುವಾರ

ಅತ್ತೆಗೆ ನಮಸ್ಕಾರ.

ಅಕ್ಷರ ನೋಡಿ ಬೈಯಬೇಡಿ. ಕಾಗೆ ಕಾಲು ಗುಬ್ಬಿ ಕಾಲು ಎಂದು ನೀವೇ ಹೇಳುತ್ತಿದ್ದಿರಿ, ಈಗಲೂ ಹಾಗೇ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಒತ್ತಕ್ಷರ ಎಲ್ಲಿ ತಪ್ಪಿತು ಎಂದೂ ಗೊತ್ತಾಗುವುದಿಲ್ಲ. ತಪ್ಪಿದ ಕಡೆ ನೀವೇ ತಿದ್ದಿಕೊಂಡು ಓದಿ. ಫೋನು ಮಾಡೋಣವೆಂದರೆ ನಿಮ್ಮ ಕಿವಿ ಕೇಳುವುದಿಲ್ಲ. ನಿಮಗೆ ಕೇಳಿಸುವ ಹಾಗೆ ಕಿರುಚಿದರೆ ಮೆಟ್ಟಿಲ ಕೆಳಗಿನ ಮನೆಯವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ. ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಆ ಹೊಸ ಕಾರ್ಖಾನೆಗೆ ಹೋದ ಮೇಲೆ ಇಲ್ಲಿಯ ಲೇತನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಪಂಪಿನ ಶಾಫ್ಟೇ ನಡೆಯುತ್ತಿದೆ. ಪರದೆಯ ಮೇಲೆ ನೀವು ಹಾಕಿ ಹೋದ ಲೆಕ್ಕ ಹಾಗೇ ಇದೆ: ಉಕ್ಕು ಕತ್ತರಿಸುವ ಆ ಪುಟ್ಟ ಚೌಕ ಟಿಪ್ಪಿನ ಒಂದು ಮೂಲೆಗೆ ಅರವತ್ತು ಶಾಫ್ಟ್. ಅರವತ್ತು ಮುಗಿದರೆ ಮೆಷಿನ್ ತಾನಾಗಿ ನಿಂತು ಹೊಸ ಮೂಲೆ ಕೇಳುತ್ತದೆ. ಟಿಪ್ ಬಿಚ್ಚುತ್ತೇನೆ, ಅದು ಕೂರುವ ಜಾಗಕ್ಕೆ ಗಾಳಿ ಹೊಡೆದು ಒರೆಸುತ್ತೇನೆ, ಸವೆದ ಮೂಲೆಗೆ ಮಾರ್ಕರಿನಿಂದ ಚುಕ್ಕೆ ಇಟ್ಟು ಹೊಸ ಮೂಲೆ ಮುಂದೆ ಬರುವಂತೆ ತಿರುಗಿಸಿ ಕೂರಿಸುತ್ತೇನೆ. ಆಮೇಲೆ ಲೆಕ್ಕವನ್ನು ಸೊನ್ನೆಗೆ ತರುತ್ತೇನೆ. ಎಲ್ಲ ನೀವು ಮಾಡುತ್ತಿದ್ದ ಹಾಗೆಯೇ. ಬೆನ್ನು ಮಾತ್ರ ಇಲ್ಲ. ಕತ್ತರಿಸುವ ಸದ್ದು ಕೆಟ್ಟಾಗ ಎರಡು ಬೆರಳಿನಿಂದ ನಿಮ್ಮ ಬೆನ್ನು ತಟ್ಟುತ್ತಿದ್ದೆನಲ್ಲ, ಮೊನ್ನೆ ಅಭ್ಯಾಸ ಬಲದಿಂದ ಕೈ ಎತ್ತಿದೆ. ಪಕ್ಕದ ಮೆಷಿನ್ನಿನ ಗೊರಕೆ ಮಾಮ ನೋಡಿ, ಗಾಳಿಗೆ ಯಾಕಮ್ಮ ಹೊಡೀತೀಯ, ಅದೇನು ಮಾಡ್ತು ನಿಂಗೆ ಎಂದರು.

ನಾಲ್ಕೂ ಮೂಲೆ ಮುಗಿದ ಟಿಪ್ ಒಂದನ್ನು ರಟ್ಟಿಗೆ ಟೇಪಿನಿಂದ ಅಂಟಿಸಿ ಕಳಿಸುತ್ತಿದ್ದೇನೆ. ಭೂತಗನ್ನಡಿ ಹಿಡಿದು ಓದಿ, ಹೇಗಿದೆ ಹೇಳಿ.

ಎರಡನೇ ಪಾಳಿ ಶುರುವಾದಾಗ ಅಲ್ಲಿ ಒಬ್ಬಳನ್ನು ತೆಗೆದುಕೊಳ್ಳುತ್ತಾರೆ, ಆ ಒಬ್ಬಳು ನೀನೇ ಎಂದು ಬಸ್ಸಿನ ಕಿಟಕಿಯಿಂದ ಹೇಳಿದ್ದಿರಿ. ನನ್ನ ಉತ್ತರ ನಿಮಗೆ ಕೇಳಿಸಿರಲಿಕ್ಕಿಲ್ಲ. ಬರುತ್ತೇನೆ ಎಂದಿದ್ದೆ.

ನೀಲಿ ರಗ್ಗು ನಿಮ್ಮ ಜೊತೆ ಹೋಯಿತು. ನನಗೆ ಉಳಿದದ್ದು ಗಿಡ್ಡ ಕೆಂಪು ರಗ್ಗು. ತಲೆ ಮುಚ್ಚಿದರೆ ಪಾದ ಹೊರಗೆ.

ನಿಮ್ಮ ಅಣ್ಣನ ಮಗಳು,
ಇರುವೆ


ಜೂನ್ ೨೦

ಇರುವೆಗೆ,

ನಿನ್ನ ಕಾಗೆ ಕಾಲುಗಳು ನಡೆದುಕೊಂಡು ಬಂದು ಮುಟ್ಟಿದವು. ಒಂದು ಸಲ ಓದಲು ಒಂದು ಲೋಟ ಚಹಾ ಬೇಕಾಯಿತು, ಅರ್ಥವಾಗಲು ಇನ್ನೊಂದು.

ಟಿಪ್ ಓದಿದೆ. ಮೂರು ಮೂಲೆ ಸರಿಯಾಗಿವೆ. ಅಂಚಿನ ಕೆಳಗೆ ಸವೆತದ ಗೆರೆ ದಾರ ಎಳೆದ ಹಾಗೆ ಸಮನಾಗಿದೆ. ನಾಲ್ಕನೆಯದರಲ್ಲಿ ಅಂಚಿನ ಚೂರು ಹಾರಿ ಒಂದು ಹಲ್ಲು ಬಿದ್ದಿದೆ. ಟಿಪ್ಪಿಗೆ ತಂಪು ಸುರಿಸುವ ಕೂಲೆಂಟ್ ನಳಿಕೆ ಪಕ್ಕಕ್ಕೆ ಸರಿದಿರಬೇಕು, ನೋಡು. ಇಲ್ಲವಾದರೆ ಅವತ್ತು ನಿನ್ನ ಮನಸ್ಸು ಸರಿದಿರಬೇಕು.

ಇಲ್ಲಿ ಎಲ್ಲ ಹೊಸದು. ಗೋಡೆಯ ಬಣ್ಣ ಇನ್ನೂ ಮೂಗಿಗೆ ಹೊಡೆಯುತ್ತದೆ. ನೆಲ ಗುಡಿಸಲು ಬಂದ ಹುಡುಗಿಯೊಬ್ಬಳು ಮೆಷಿನ್ ಮುಂದೆಯೇ ಪೊರಕೆ ಹಿಡಿದು ನಿಂತಿರುತ್ತಿದ್ದಳು. ಕಲಿಯುತ್ತೀಯಾ ಎಂದೆ. ಪೊರಕೆ ಅಲ್ಲೇ ಬಿತ್ತು. ಬಾಯಿ ತೆರೆದರೆ ನಿಲ್ಲಿಸುವವಳಲ್ಲ, ಚಿನಕುರುಳಿ ಎಂದು ಹೆಸರಿಟ್ಟಿದ್ದೇನೆ. ಅವಳಿಗೆ ಮಾತು ನಿಲ್ಲದು, ನನಗೆ ಕಿವಿ ಕೇಳದು, ಹಾಗಾಗಿ ನಮ್ಮಿಬ್ಬರ ಜೋಡಿ ಚೆನ್ನಾಗಿ ಹೊಂದಿದೆ. ಕಿವಿಯ ವಿಷಯ ಇಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ಅವಳಿಗೆ ಮಾತ್ರ. ಸದ್ದು ಬದಲಾದರೆ ಬೆನ್ನು ತಟ್ಟುತ್ತಾಳೆ.

ಅವಳಿಗೆ ಕೋಣೆ ಸಿಗುವ ತನಕ ನನ್ನ ಕೋಣೆಯಲ್ಲೇ ಇದ್ದಾಳೆ. ಆ ಗೋಡೆಗೆ ಅವಳು, ಈ ಗೋಡೆಗೆ ನಾನು, ನಡುವೆ ನೀಲಿ ರಗ್ಗು. ಮೊದಲು ಯಾರು ಎಳೆದುಕೊಂಡರೋ ಅವರದು.

ಅವಳ ಕೈಯಲ್ಲಿ ಸವೆದ ಟಿಪ್ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಒಂದು ಮೂಲೆಗೆ ನೂರಾಹತ್ತು ಪೀಸು ಎಂದು ಪರದೆ ತೋರಿಸುತ್ತದೆ. ಆದರೂ ಗೆರೆ ನೋಡು ಹೇಗಿದೆ. ಮೊನ್ನೆ ಮೊನ್ನೆ ಪೊರಕೆ ಹಿಡಿದ ಕೈ ಅದು.

ಅತ್ತೆ


ಜೂನ್ ೨೯

ಅತ್ತೆಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ನಿಮ್ಮ ಚಿನಕುರುಳಿಯ ಟಿಪ್ಪೂ ಬಂತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚೆನ್ನಾಗಿದೆ. ಎಲ್ಲಾದರೂ ಒಂದು ಹಲ್ಲು ಬಿದ್ದಿರಬಹುದು ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಬಿದ್ದಿಲ್ಲ. ಗೊರಕೆ ಮಾಮನ ಕನ್ನಡಕ ಕೇಳಿ ಪಡೆದು ಅದರೊಳಗಿಂದಲೂ ನೋಡಿದೆ. ಆಗಲೂ ಬಿದ್ದಿಲ್ಲ.

ನಳಿಕೆ ಸರಿದಿತ್ತು, ಸರಿ ಮಾಡಿದೆ.

ಕೋಣೆ ಸಿಗುವ ತನಕ ಎಂದು ಬರೆದಿದ್ದೀರಿ. ಅಲ್ಲಿ ಕೋಣೆಗಳಿಗೆ ಅಷ್ಟು ಬರವೇ? ನಾನು ಬಂದರೆ ಎಲ್ಲಿ ಮಲಗಬೇಕು, ಯಾವ ಗೋಡೆಗೆ? ಸುಮ್ಮನೆ ಕೇಳುತ್ತಿದ್ದೇನೆ. ಅವಳು ಉದ್ದವೋ ಗಿಡ್ಡವೋ? ಬೆನ್ನು ತಟ್ಟುತ್ತಾಳೆ ಎಂದಿರಿ. ನಾನು ಎರಡು ಬೆರಳಿನಿಂದ ತಟ್ಟುತ್ತಿದ್ದೆ, ಭುಜದ ಮೂಳೆಯ ಕೆಳಗೆ, ನೀವು ಬೆಚ್ಚಿ ಬೀಳದ ಹಾಗೆ. ಅವಳು ಎಷ್ಟು ಬೆರಳಿನಿಂದ ತಟ್ಟುತ್ತಾಳೆ?

ಗೊರಕೆ ಮಾಮನಿಗೆ ನಿಂತಲ್ಲೇ ನಿದ್ದೆ ಬರುತ್ತದೆ, ಆದರೆ ಬೇರೆಯವರ ಮುಖ ಓದಲು ಮಾತ್ರ ಎಚ್ಚರವಾಗಿಯೇ ಇರುತ್ತಾರೆ. ಕೂಲೆಂಟ್ ಇಲ್ಲದೆ ಕತ್ತರಿಸಿದ ಲೋಹದ ಸುರುಳಿ ನೀಲಿಯಾಗುತ್ತದಲ್ಲ, ಅದನ್ನು ತೋರಿಸಿ ಹೇಳಿದರು, "ನಿನ್ನ ಮುಖಾನೂ ಇದೇ ಬಣ್ಣ ಆಗಿದೆ ಕಣಮ್ಮ. ಒಳಗೇನೋ ಸುಡ್ತಿದೆ." ನಾನು ಆ ಸುರುಳಿಯನ್ನು ಗುಡಿಸಿ ಬುಟ್ಟಿಗೆ ಹಾಕಿದೆ.

ಲೆಕ್ಕವನ್ನು ಎಂಬತ್ತಕ್ಕೆ ಏರಿಸಿದ್ದೇನೆ. ಟಿಪ್ ಉಳಿಯುತ್ತದೆ ಎಂದು ಸೂಪರ್‌ವೈಸರ್‌ಗೆ ಸಂತೋಷ. ಎಂಬತ್ತು ಓಡಿದ ಟಿಪ್ ಕಳಿಸಿದ್ದೇನೆ. ಓದಿ.

ನಿಮ್ಮ ಇರುವೆ


ಜುಲೈ ೧೦

ಇರುವೆಗೆ,

ಓದಿದೆ. ಗೆರೆ ದಪ್ಪವಾಗಿದೆ. ಎರಡನೇ ಮೂಲೆಯ ಮೂತಿ ಮೊಂಡಾಗಿದೆ. ಇದು ಎಂಬತ್ತು ಓಡಿದ ಟಿಪ್ ಅಲ್ಲ, ಎಂಬತ್ತರವರೆಗೆ ಎಳೆದೊಯ್ದ ಟಿಪ್. ಅರವತ್ತಕ್ಕೆ ಇಳಿಸು. ನಾನು ಆ ಲೆಕ್ಕವನ್ನು ಕನಸು ಕಂಡು ಹಾಕಿದ್ದಲ್ಲ, ಎಷ್ಟೋ ಟಿಪ್ ಒಡೆದು ಹಾಕಿದ್ದು.

ಇಲ್ಲಿಯ ಉಕ್ಕು ಮೆದು, ಚಾಕುವಿಗೆ ಬೆಣ್ಣೆ ಸಿಕ್ಕ ಹಾಗೆ. ನಿನ್ನ ಶಾಫ್ಟ್ ಗಟ್ಟಿ ಉಕ್ಕು. ಅವಳ ನೂರಾಹತ್ತಕ್ಕೂ ನಿನ್ನ ಅರವತ್ತಕ್ಕೂ ಒಂದೇ ತಕ್ಕಡಿ ಇಲ್ಲ. ಇದು ನಿನಗೆ ಗೊತ್ತಿರುವ ವಿಷಯ. ಗೊತ್ತಿದ್ದವಳಿಗೆ ಹೇಳಬೇಕಾಗಿ ಬಂದದ್ದೇ ನನಗೆ ಬೇಸರ.

ಬೆರಳು ಎಣಿಸಿಲ್ಲ. ಇದು ಎಂಥ ಪ್ರಶ್ನೆ? ಉದ್ದ ಇದ್ದಾಳೆ.

ಮೊನ್ನೆ ಮ್ಯಾನೇಜರ್ ಅವಳ ಟಿಪ್ ನೋಡಿ, ಯಾರು ಕಲಿಸಿದ್ದು ಎಂದರಂತೆ. ಅವಳು ನನ್ನ ಕಡೆ ಕೈ ತೋರಿಸಿದಳು. ಹಿಗ್ಗು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡನೇ ಪಾಳಿ ಸೆಪ್ಟೆಂಬರಿನಲ್ಲಿ. ನಿನ್ನ ಹೆಸರು ಹೇಳಿದ್ದೇನೆ. ಅವಳ ಹೆಸರನ್ನು ಮ್ಯಾನೇಜರೇ ಹೇಳಿದರು. ಜಾಗ ಒಂದೇ. ನಿನ್ನ ಸೂಪರ್‌ವೈಸರ್‌ಗೆ ಫೋನು ಮಾಡಿ ಕೆಲಸ ಹೇಗೆ ಎಂದು ಕೇಳುತ್ತಾರಂತೆ. ಹದವಾಗಿ ಕೆಲಸ ಮಾಡಿಕೊಂಡಿರು.

ಅತ್ತೆ


ಜುಲೈ ೧೯

ಅತ್ತೆಗೆ ನಮಸ್ಕಾರ.

ನೀವು ಬೈದದ್ದು ಸರಿ. ಆದರೂ ಒಂದು ಮಾತು. ಗಟ್ಟಿ ಉಕ್ಕಿನಲ್ಲಿ ನೂರಾಹತ್ತು ದಾಟಿಸಿದರೆ ಅದು ಮೆದು ಉಕ್ಕಿನ ನೂರಾಹತ್ತಕ್ಕಿಂತ ದೊಡ್ಡದಲ್ಲವೇ? ತಕ್ಕಡಿ ಇಲ್ಲ ಎಂದಿರಿ, ಇದನ್ನಾದರೂ ತೂಗಬಹುದಲ್ಲ.

ತೊಂಬತ್ತೈದಕ್ಕೆ ಬಂದಿದ್ದೇನೆ. ಟಿಪ್ ಸವೆದ ಹಾಗೆ ಶಾಫ್ಟ್ ಕೂದಲಿನಷ್ಟು ದಪ್ಪವಾಗುತ್ತಾ ಹೋಗುತ್ತದೆ. ಅಳತೆ ನೋಡಿ ಪರದೆಯಲ್ಲಿ ಟಿಪ್ಪನ್ನು ಅಷ್ಟೇ ಒಳಗೆ ತಳ್ಳುತ್ತೇನೆ, ಮತ್ತೆ ಸರಿಯಾದ ಅಳತೆ ಬರುತ್ತದೆ. ಅಳತೆ ಸರಿ ಇರುವ ತನಕ ಯಾರೂ ಏನೂ ಕೇಳುವುದಿಲ್ಲ. ಸದ್ದು ಸ್ವಲ್ಪ ಬದಲಾಗಿದೆ, ನಿಜ. ಮೊದಲು ಬಟ್ಟೆ ಹರಿದ ಹಾಗೆ ಇತ್ತು. ಈಗ ತಟ್ಟೆಯ ಮೇಲೆ ಚಮಚ ಎಳೆದ ಹಾಗೆ. ಗೊರಕೆ ಮಾಮ ಕಣ್ಣು ಬಿಟ್ಟು, "ಇರುವೆ, ಅದು ಬಿಡಿಸ್ಕೊಳ್ಳೋಕೆ ಅಳ್ತಿದೆ ಕಣೆ, ಕೇಳಿಸ್ತಿಲ್ವಾ?" ಎಂದರು. ಕೇಳಿಸುತ್ತದೆ ಎಂದೆ. ನನ್ನ ಕಿವಿಗೆ ಏನಾಗಿದೆ? ನಿಮ್ಮ ಕಿವಿಯೂ ನಾನೇ ಆಗಿದ್ದೆನಲ್ಲ, ನಾಲ್ಕು ವರ್ಷ.

ಮ್ಯಾನೇಜರ್ ಕೇಳಿದಾಗ ಅವಳು ನಿಮ್ಮ ಕಡೆ ಕೈ ತೋರಿಸಿದಳು ಎಂದು ಬರೆದಿದ್ದೀರಿ. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಿದ್ದರೆ ನಾನೂ ತೋರಿಸುತ್ತಿದ್ದೆ.

ರಗ್ಗು ಯಾರು ಮೊದಲು ಎಳೆದುಕೊಳ್ಳುತ್ತಾರೆ? ನೀವು ಬೇಗ ಮಲಗುವವರು, ನೀವೇ ಇರಬೇಕು. ಆದರೆ ನಿದ್ದೆಯಲ್ಲಿ ನೀವು ಬಿಟ್ಟುಕೊಡುತ್ತೀರಿ, ಅದು ನನಗೆ ಗೊತ್ತು. ಅವಳಿಗೂ ಈಗ ಗೊತ್ತಾಗಿರಬೇಕು.

ಮುಂದಿನ ಸಲ ನೂರಾಹತ್ತು ದಾಟಿದ ಟಿಪ್ ಕಳಿಸುತ್ತೇನೆ. ಅವಳಿಗೂ ತೋರಿಸಿ.

ಇರುವೆ


ಆಗಸ್ಟ್ ೩

ಅತ್ತೆಗೆ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ಕೋಣೆಯ ಬಾಗಿಲಿನ ತಿರುಗಣೆ ಸಡಿಲವಾಗಿ ಕಿರುಗುಡುತ್ತಿತ್ತು, ಎಣ್ಣೆ ಹಾಕಿದೆ. ಮೆಟ್ಟಿಲ ಕೆಳಗಿನ ಮನೆಯವರು ಬೆಕ್ಕು ಸಾಕಿದ್ದಾರೆ. ಗೊರಕೆ ಮಾಮ ಹೊಸ ಕನ್ನಡಕ ಮಾಡಿಸಿದ್ದಾರೆ. ಅದನ್ನು ಹಾಕಿಕೊಂಡೇ ನಿದ್ದೆ ಮಾಡುತ್ತಾರೆ.

ಈ ಸಲ ಟಿಪ್ ಇಲ್ಲ. ಟೇಪು ಮುಗಿದಿದೆ.

ಇರುವೆ


ಆಗಸ್ಟ್ ೧೨

ಇರುವೆಗೆ,

ಟೇಪು ಮುಗಿದಿದೆ ಎಂದು ಬರೆದಿದ್ದೀಯ. ಒಂದು ಸುರುಳಿ ಕಳಿಸಿದ್ದೇನೆ.

ಅತ್ತೆ


ಆಗಸ್ಟ್ ೧೯

ಇರುವೆ ಅಕ್ಕನಿಗೆ,

ನಾನು ಯಾರು ಎಂದು ನಿಮಗೆ ಗೊತ್ತು, ನೀವು ಯಾರು ಎಂದು ನನಗೆ ಗೊತ್ತು, ಆದರೂ ಪರಿಚಯ ಇಲ್ಲ. ನಿಮ್ಮ ಅತ್ತೆ ನನ್ನನ್ನು ಚಿನಕುರುಳಿ ಎನ್ನುತ್ತಾರೆ. ಲಕೋಟೆಯ ಹಿಂದಿನ ವಿಳಾಸ ನೋಡಿ ಬರೆಯುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನೀವೆಂದರೆ ನನಗೆ ಆಗುತ್ತಿರಲಿಲ್ಲ. ಬಂದ ಮೊದಲ ದಿನದಿಂದ ಇರುವೆ ಹಾಗೆ ಒರೆಸುತ್ತಿದ್ದಳು, ಇರುವೆ ಹೀಗೆ ಕೇಳಿಸಿಕೊಳ್ಳುತ್ತಿದ್ದಳು ಎನ್ನುವುದೇ ಅವರ ಮಾತು. ನಾನು ನಾಲ್ಕು ಮಾತಾಡಿದರೆ, ಇರುವೆ ಇಡೀ ಪಾಳಿಯಲ್ಲಿ ಮಾತಾಡುವುದು ಇಷ್ಟು ಎಂದು ಬೆರಳ ತುದಿ ತೋರಿಸುತ್ತಾರೆ. ನೀವು ಕಳಿಸಿದ ಟಿಪ್‌ಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾರೆ. ಸಂಜೆ ಕೆಲಸದಿಂದ ಬಂದರೆ ಕೈ ತೊಳೆದು ಮೊದಲು ಅದನ್ನೇ ನೋಡುವುದು. ಒಂದು ದಿನ ನನಗೆ ಸಿಟ್ಟು ಬಂದು ಆ ಸಾಲನ್ನು ಕಿಟಕಿಯಿಂದ ಆಚೆ ತಳ್ಳಿಬಿಡೋಣ ಎನ್ನಿಸಿತ್ತು. ಬೆನ್ನು ತಟ್ಟಿದರೆ, "ಮೆಲ್ಲಗೆ. ಅವಳು ಎರಡೇ ಬೆರಳು ಮುಟ್ಟಿಸ್ತಿದ್ದಳು" ಎನ್ನುತ್ತಾರೆ.

ಈಗ ವಿಷಯ. ನನ್ನ ಟಿಪ್ ಹೊಗಳಿ ನಿಮಗೆ ಕಳಿಸಿದರಲ್ಲ, ಅದು ಸುಳ್ಳು ಟಿಪ್. ನಿಮ್ಮ ಗೆರೆಗಳ ಮುಂದೆ ನನ್ನದು ಕೆಟ್ಟದಾಗಿ ಕಂಡರೆ ಮತ್ತೆ ಪೊರಕೆ ಹಿಡಿಸುತ್ತಾರೆ ಎಂದು ಹೆದರಿ, ಐವತ್ತು ಐವತ್ತೈದು ಪೀಸಿಗೇ ಬಿಚ್ಚಿ ಬೇರೆ ಟಿಪ್ ಹಾಕುತ್ತಿದ್ದೆ. ಲೆಕ್ಕವನ್ನು ಸೊನ್ನೆ ಮಾಡುತ್ತಿರಲಿಲ್ಲ. ಪರದೆ ತನ್ನ ಪಾಡಿಗೆ ನೂರಾಹತ್ತು ಎಂದು ತೋರಿಸುತ್ತಿತ್ತು. ಎರಡರಲ್ಲಿ ಚೆನ್ನಾಗಿರುವುದನ್ನು ಅವರ ಕೈಗೆ ಕೊಡುತ್ತಿದ್ದೆ. ಇನ್ನೊಂದನ್ನು ನನ್ನ ಖಾಲಿ ಪೌಡರ್ ಡಬ್ಬಿಗೆ ಹಾಕುತ್ತಿದ್ದೆ. ಈಗ ಡಬ್ಬಿ ಮುಚ್ಚಳ ಹಾಕಲು ಬರದಷ್ಟು ತುಂಬಿದೆ. ಸ್ಟೋರಿನಲ್ಲಿ ಟಿಪ್ ಕಡಿಮೆಯಾಗುತ್ತಿದೆ, ಯಾರು ನುಂಗುತ್ತಿದ್ದಾರೆ ಎಂದು ವಿಚಾರಣೆ ಶುರುವಾಗಿದೆ. ನಿಮ್ಮ ಅತ್ತೆ, ನನ್ನ ಹುಡುಗಿ ಅಂಥವಳಲ್ಲ ಎಂದು ಎಲ್ಲರ ಮುಂದೆ ಹೇಳಿದರು. ಅವತ್ತಿನಿಂದ ಡಬ್ಬಿಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೇನೆ.

ಈ ಡಬ್ಬಿಯನ್ನು ಏನು ಮಾಡಲಿ? ಎಸೆದುಬಿಡಲೇ? ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಇದು ಅರ್ಥವಾಗುವುದಿಲ್ಲ. ನೀವು ಇದನ್ನು ಅತ್ತೆಗೆ ಬರೆದರೆ ಜಾಗ ನಿಮ್ಮದೇ ಆಗುತ್ತದೆ, ಅದೂ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ನಿಮ್ಮ ಕೊನೆಯ ಪತ್ರದಲ್ಲಿ ಟಿಪ್ ಬರಲಿಲ್ಲವಲ್ಲ. ಕಟ್ಟೆಯ ಮೇಲೆ ಅದಕ್ಕೆ ಜಾಗ ಬಿಟ್ಟು, ಖಾಲಿ ಜಾಗವನ್ನೇ ನೋಡುತ್ತಾ ಕೂರುತ್ತಾರೆ.

ಚಿನಕುರುಳಿ


ಆಗಸ್ಟ್ ೨೮

ಚಿನಕುರುಳಿಗೆ,

ನನ್ನನ್ನು ಅಕ್ಕ ಎನ್ನಬೇಡ.

ನಿನ್ನ ಪತ್ರ ಬಂದ ದಿನ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಕೂತಲ್ಲೇ ಅತ್ತೆಗೆ ಎಲ್ಲ ಬರೆದೆ. ಒಂದು ಒತ್ತಕ್ಷರವೂ ತಪ್ಪದ ಹಾಗೆ ಬರೆದೆ ಎನ್ನಿಸಿತು. ಲಕೋಟೆಗೆ ಅಂಟು ಹಚ್ಚಿ ಅಂಚೆ ಡಬ್ಬಿಯ ತನಕ ಹೋದೆ. ಡಬ್ಬಿಯ ಬಾಯಿಗೆ ಕೈ ಹಾಕಿ ಹಾಗೇ ನಿಂತೆ. ಹಿಂದೆ ನಿಂತಿದ್ದ ಮುದುಕಿಯೊಬ್ಬರು, "ಹಾಕ್ತೀಯೋ, ಇಲ್ಲ ಅದಕ್ಕೆ ತಿನ್ನಿಸ್ತಿದೀಯೋ?" ಎಂದರು. ಹಾಕಲಿಲ್ಲ. ನಿನ್ನ ಮೇಲಿನ ಕರುಣೆಯಿಂದ ಅಲ್ಲ. ಆ ಪತ್ರದಲ್ಲಿ ನಿನ್ನದು ಎಲ್ಲ ಇತ್ತು, ನನ್ನದು ಒಂದು ಸಾಲೂ ಇರಲಿಲ್ಲ.

ನನ್ನದು ಇದು. ನಿನ್ನ ಸುಳ್ಳು ನೂರಾಹತ್ತನ್ನು ದಾಟಬೇಕು ಎಂದು ನಾನು ನಿಜವಾದ ಟಿಪ್ಪನ್ನು ಎಳೆದೆ. ನೂರು ಆದ ಮೇಲೆ ಸದ್ದು ಪೂರ್ತಿ ಕೆಟ್ಟಿತು. ಕೇಳಿಸಿತು. ಬೇರೆಯವರ ಬೆನ್ನಾದರೆ ತಟ್ಟುತ್ತಿದ್ದೆ. ನನ್ನ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತೆ. ನೂರೆಂಟನೆಯ ಶಾಫ್ಟಿನ ಕೊನೆಯ ಪದರಿನಲ್ಲಿ ಟಿಪ್ ಪುಡಿಯಾಯಿತು. ಅದರ ಕೆಳಗಿನ ಸೀಟು ಬಿರಿಯಿತು. ಟಿಪ್ ಹಿಡಿಯುವ ಹೋಲ್ಡರ್ ಬರಿಗೈಯಲ್ಲಿ ಶಾಫ್ಟನ್ನು ಕೆರೆಯಿತು. ನಾನು ಕೆಂಪು ಗುಂಡಿ ಒತ್ತುವಷ್ಟರಲ್ಲಿ ಶಾಫ್ಟಿನ ಮೈಮೇಲೆ ಬೆರಳು ಇಳಿಯುವಷ್ಟು ಗಾಯ. ಸೂಪರ್‌ವೈಸರ್ ಗಾಯದ ಮೇಲೆ ಬೆರಳಾಡಿಸಿದರು. "ಉಳಿತಾಯ ಆಯ್ತಲ್ಲ" ಎಂದರು, ಅಷ್ಟೇ. ಅವತ್ತಿನಿಂದ ನಾನು ಪೀಸು ತೊಳೆಯುವ ತೊಟ್ಟಿಯ ಹತ್ತಿರ ಇದ್ದೇನೆ. ಕೈ ಬೆರಳು ಸೀಮೆಎಣ್ಣೆ ವಾಸನೆ.

ನಿನ್ನ ಡಬ್ಬಿ ಎಸೆಯಬೇಡ. ಅರ್ಧ ಸವೆದ ಮೂಲೆ ಸತ್ತ ಮೂಲೆ ಅಲ್ಲ. ಕೊನೆಯ ನಯಕ್ಕೆ ಅದನ್ನು ಹಾಕಬೇಡ. ಮೊದಲ ಒರಟು ಪದರು ತೆಗೆಯುವ ಹೋಲ್ಡರಿಗೆ ಹಾಕು, ಅಲ್ಲಿ ಹೊಳಪು ಯಾರೂ ಕೇಳುವುದಿಲ್ಲ. ಹೊಸ ಟಿಪ್ ನಯಕ್ಕೆ ಮಾತ್ರ. ಹೀಗೆ ಮಾಡಿದರೆ ಡಬ್ಬಿಯಲ್ಲಿರುವುದೆಲ್ಲ ಕೆಲಸಕ್ಕೆ ಬರುತ್ತದೆ. ಆದರೆ ಮೊದಲು ಡಬ್ಬಿಯನ್ನು ಅತ್ತೆಯ ಮುಂದೆ ಸುರಿ. ಅವರ ಬಾಯಿಂದ ನಿನ್ನ ಪರ ಮಾತು ಬಂದಿದೆ, ಅದು ಸುಳ್ಳಾಗಬಾರದು. ಹೇಳುವಾಗ ಎದುರಿಗೆ ನಿಂತು ಹೇಳು. ತುಟಿ ಕಂಡರೆ ಅವರಿಗೆ ಅರ್ಧ ಕೇಳಿಸುತ್ತದೆ.

ಅತ್ತೆಗೂ ಇವತ್ತೇ ಬರೆದು ಹಾಕುತ್ತಿದ್ದೇನೆ. ನನ್ನದನ್ನು ಮಾತ್ರ. ಪುಡಿಯಾದ ಟಿಪ್ಪಿನಲ್ಲಿ ಸಿಕ್ಕ ತುಂಡನ್ನು ಅವರು ಕಳಿಸಿದ ಟೇಪಿನಿಂದಲೇ ಅಂಟಿಸಿದ್ದೇನೆ.

ನೀನೆಂದರೆ ನನಗೆ ಈಗಲೂ ಆಗುವುದಿಲ್ಲ.

ಇರುವೆ


ಸೆಪ್ಟೆಂಬರ್ ೧೪

ಇರುವೆಗೆ,

ತುಂಡು ಬಂತು. ಓದಲು ಭೂತಗನ್ನಡಿ ಬೇಕಾಗಲಿಲ್ಲ. ಕಟ್ಟೆಯ ಮೇಲೆ ಖಾಲಿ ಇದ್ದ ಜಾಗದಲ್ಲಿ ಇಟ್ಟಿದ್ದೇನೆ.

ಅವಳು ಡಬ್ಬಿ ಸುರಿದಳು. ನನ್ನ ಮುಂದೆ ಮಾತ್ರವಲ್ಲ, ಮ್ಯಾನೇಜರ್ ಮೇಜಿನ ಮೇಲೂ. ಪೌಡರ್ ವಾಸನೆ ಇನ್ನೂ ಆ ಕೋಣೆಯಲ್ಲಿದೆ. ಬೈಗುಳ ಮುಗಿದ ಮೇಲೆ, ಇವನ್ನು ಒರಟು ಪದರಿಗೆ ಹಾಕಬಹುದು ಎಂದಳು. ಅಲ್ಲೇ ಹಾಕಿ ತೋರಿಸಿದಳು. ಆ ಬುದ್ಧಿ ಅವಳದಲ್ಲ. ಅದನ್ನು ನಾನು ಹೇಳಿಕೊಟ್ಟದ್ದು ಒಬ್ಬಳಿಗೆ ಮಾತ್ರ, ಅವಳಿಗಲ್ಲ. ಅವಳ ಮುಖ ನೋಡಿದೆ. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನಿನಗೆ ಹೇಳಬೇಕಾದದ್ದು. ಮ್ಯಾನೇಜರ್ ನಿನ್ನ ಸೂಪರ್‌ವೈಸರ್‌ಗೆ ಫೋನು ಮಾಡಿದರು. ಅವರು ಶಾಫ್ಟಿನ ವಿಷಯ ಹೇಳಿದರು. ನಾನು ನಿನ್ನ ಪರ ಮಾತಾಡಿದೆ. ಸದ್ದು ಕೇಳಿ ಮೆಷಿನ್ ನಿಲ್ಲಿಸುವ ಕಿವಿ ಅವಳಿಗಿದೆ ಎಂದೆ. ಹಾಗಾದರೆ ಅವತ್ತು ಯಾಕೆ ನಿಲ್ಲಿಸಲಿಲ್ಲ ಎಂದರು. ಅದರ ಉತ್ತರ ನಿನ್ನ ಹತ್ತಿರ ಇದೆ, ಅದನ್ನು ನಾನು ಅವರಿಗೆ ಹೇಳಲಾರೆ. ಹೆದರಿ ಬೇಗ ಬಿಚ್ಚಿದ ಟಿಪ್ಪನ್ನು ಮತ್ತೆ ಹಾಕಬಹುದು. ಗಾಯವಾದ ಶಾಫ್ಟನ್ನು ಯಾವ ಪಂಪಿಗೂ ಹಾಕಲಾಗುವುದಿಲ್ಲ. ಜಾಗ ಅವಳಿಗೆ ಹೋಯಿತು.

ಬಸ್ಸಿನ ಕಿಟಕಿಯಿಂದ ಕೊಟ್ಟ ಮಾತು ನನ್ನಿಂದ ಉಳಿಯಲಿಲ್ಲ. ನೀನು ಬರುತ್ತೇನೆ ಎಂದದ್ದು ಕೇಳಿಸಿರಲಿಲ್ಲ, ನಿಜ. ತುಟಿ ಕಂಡಿತ್ತು.

ಅವಳ ಟಿಪ್ಪನ್ನು ನಾನು ನಿನಗೆ ಕಳಿಸಬಾರದಿತ್ತು. ಅಷ್ಟು ಎಳೆಯ ಗೆರೆ ನೂರಾಹತ್ತರದ್ದಲ್ಲ ಎಂದು ನನಗೆ ಕಾಣಬೇಕಿತ್ತು. ಹಿಗ್ಗು ಕಣ್ಣಿಗೆ ಅಡ್ಡ ನಿಂತಿತ್ತು. ಇಬ್ಬರ ಮುಂದೆ ಇಬ್ಬರನ್ನೂ ಹೊಗಳಿ ನಾನು ಯಾವ ಟೂಲ್ ಚೂಪು ಮಾಡಲು ಹೊರಟಿದ್ದೆನೋ.

ಕಿವಿಯ ವಿಷಯ ಮ್ಯಾನೇಜರ್‌ಗೆ ನಾನೇ ಹೇಳಿಬಿಟ್ಟೆ. ನಮಗೆಲ್ಲ ಮೊದಲ ವಾರವೇ ಗೊತ್ತಾಗಿತ್ತು ಎಂದು ನಕ್ಕರು.

ಅತ್ತೆ


ಸೆಪ್ಟೆಂಬರ್ ೨೮, ಭಾನುವಾರ

ಅತ್ತೆಗೆ ನಮಸ್ಕಾರ.

ಪತ್ರ ಬಂದು ಹತ್ತು ದಿನದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಅಕ್ಷರ ಇನ್ನೂ ಕೆಟ್ಟದಾಗಿ ಬರುತ್ತಿತ್ತು.

ಜಾಗ ಅವಳಿಗೆ ಹೋದದ್ದು ನನಗೆ ಸರಿಯಾಯಿತು ಎನ್ನಿಸಿಲ್ಲ. ಎನ್ನಿಸಿದೆ ಎಂದು ಬರೆದರೆ ನೀವು ಭೂತಗನ್ನಡಿ ಇಲ್ಲದೆಯೇ ಕಂಡುಹಿಡಿಯುತ್ತೀರಿ. ಒರಟು ಪದರಿನ ಉಪಾಯವನ್ನು ನಾನೇ ಕೈಯಾರೆ ಬರೆದು ಕಳಿಸಿದೆನಲ್ಲ, ಅದನ್ನು ನೆನೆದರೆ ಈಗಲೂ ತಟ್ಟೆಯ ಮೇಲೆ ಚಮಚ ಎಳೆದ ಸದ್ದು ಕೇಳಿಸುತ್ತದೆ. ಎರಡನೇ ಪಾಳಿ ಮುಗಿಸಿ ಅವಳು ನಿಮ್ಮ ಕೋಣೆಗೆ ಬರುವುದು, ನೀವು ಅವಳಿಗೆ ಚಹಾ ಎತ್ತಿಟ್ಟಿರುವುದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಚಹಾ ಎತ್ತಿಡುತ್ತೀರೋ ಇಲ್ಲವೋ ಗೊತ್ತಿಲ್ಲ. ನನಗೆ ಎತ್ತಿಡುತ್ತಿದ್ದಿರಿ.

ಹೋದ ಸೋಮವಾರ ಗೊರಕೆ ಮಾಮ ಸೂಪರ್‌ವೈಸರ್ ಹತ್ತಿರ ಹೋಗಿ, ಆ ಹುಡುಗಿ ತೊಟ್ಟಿಯಲ್ಲಿ ಪೀಸು ಉಜ್ಜುವ ಸದ್ದಿಗೆ ನನಗೆ ನಿದ್ದೆ ಬರುತ್ತಿಲ್ಲ, ಮೆಷಿನ್‌ಗೇ ಕಳಿಸಿ ಎಂದರಂತೆ. ಕಳಿಸಿದರು. ಪರದೆಯಲ್ಲಿ ಅರವತ್ತು ಹಾಕಿದೆ. ಅದು ನಿಮ್ಮ ಲೆಕ್ಕ. ಈ ತಿಂಗಳು ಬಂದ ಉಕ್ಕು ಇನ್ನೂ ಗಟ್ಟಿಯಾಗಿದೆ, ಐವತ್ತಾರಕ್ಕೇ ಸದ್ದು ಬದಲಾಯಿತು. ಪರದೆ ಇನ್ನೂ ನಾಲ್ಕು ಇದೆ ಎನ್ನುತ್ತಿತ್ತು. ನಿಲ್ಲಿಸಿದೆ. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಏನು ಕಾಣಿಸಿತು ಎಂದು ಇಲ್ಲಿ ಬರೆಯುವುದಿಲ್ಲ. ಈಗ ಐವತ್ತೈದು ಹಾಕಿದ್ದೇನೆ. ಸೂಪರ್‌ವೈಸರ್ ಯಾಕೆ ಎಂದರು. "ಅದು ಕೇಳಿತು, ಕೊಟ್ಟೆ" ಎಂದೆ. ಇಷ್ಟು ಮಾತು ನಾನು ಅವರ ಜೊತೆ ಆಡಿದ್ದು ಮೊದಲ ಸಲ. ಗೊರಕೆ ಮಾಮನಿಗೆ ಎಚ್ಚರವಾಯಿತು.

ರಟ್ಟಿಗೆ ಅಂಟಿಸಿದ ಟಿಪ್ ಅದೇ. ಅದು ನಿಮಗಲ್ಲ, ಅವಳಿಗೆ. ನೀವು ಭೂತಗನ್ನಡಿ ಅವಳ ಕೈಗೆ ಕೊಟ್ಟು ಸುಮ್ಮನಿರಿ. ಏನು ಕಾಣುತ್ತದೆ ಎಂದು ಅವಳೇ ನನಗೆ ಬರೆಯಲಿ. ನಾನು ಕಂಡದ್ದೇ ಅವಳಿಗೂ ಕಂಡರೆ ನೋಡೋಣ. ತಪ್ಪು ಓದಿದರೆ ನನಗೆ ಸ್ವಲ್ಪ ಸಂತೋಷವಾಗುತ್ತದೆ ಎಂದೂ ಹೇಳಿ.

ನಾಳೆ ಒಂದು ಪಾರ್ಸೆಲ್ ಕಳಿಸುತ್ತೇನೆ, ಕೆಂಪು ರಗ್ಗು. ಅವಳಿಗೆ ಅವಳದೇ ಒಂದು ಇರಲಿ, ನೀಲಿ ರಗ್ಗು ನಿಮ್ಮೊಬ್ಬರಿಗೇ ಇರಲಿ. ನನಗೆ ನೀವು ಬಿಟ್ಟುಹೋದ ಹಳೆಯ ಶಾಲು ಇದೆ. ಅವಳು ಉದ್ದ ಇದ್ದಾಳೆ ಎಂದಿದ್ದಿರಿ. ಪಾದ ಹೊರಗೆ ಉಳಿಯುತ್ತದೆ. ಉಳಿಯಲಿ.

ಇವತ್ತು ಬೆಳಿಗ್ಗೆ ಅದನ್ನು ಒಗೆದು, ಬಿಚ್ಚಿಹೋಗಿದ್ದ ಒಂದು ಅಂಚನ್ನು ಹೊಲಿದು, ಮಹಡಿಯ ತಂತಿಯ ಮೇಲೆ ಹರವಿ ಬಂದೆ.

ನಿಮ್ಮ ಇರುವೆ